ಅಂಗೈಯಾಟದ ಬೆಲೆ

ಭೀಮಸಮುದ್ರದ ಮಂಡಿಯಲ್ಲಿ ಒಂದು ಮೂಟೆ ಅಡಕೆಯನ್ನು ಮಾರಿದ ಬೆಳೆಗಾರನಿಗೆ ಆ ಮೂಟೆ ಮರಳಿ ದೊರೆಯದು. ಎರಡನೆಯ ಮೂಟೆಯನ್ನು ಮಾರಬೇಕಾದರೆ ಇನ್ನಷ್ಟು ಗೊನೆಗಳನ್ನು ಇಳಿಸಿ, ಸುಲಿದು, ಬೇಯಿಸಿ, ಒಣಗಿಸಬೇಕು. ಹೊಸದುರ್ಗದ ತೆಂಗಿನಕಾಯಿಗೂ ಹಿರಿಯೂರಿನ ದಾಳಿಂಬೆಗೂ ಇದೇ ನಿಯಮ. ಆದರೆ ಚಿತ್ರದುರ್ಗದ ಕಾಲೇಜು ವಿದ್ಯಾರ್ಥಿಯೊಬ್ಬನು ಫೋನಿನ ಆಟದೊಳಗಿನ ತನ್ನ ಯೋಧನಿಗೆ ಹಣ ಕೊಟ್ಟು ಬಣ್ಣದ ಅಂಗಿಯೊಂದನ್ನು ಕೊಂಡಾಗ ಮಾರಿದವನ ಉಗ್ರಾಣದಲ್ಲಿ ಯಾವುದೂ ಕಡಮೆಯಾಗುವುದಿಲ್ಲ. ಅಂಗಿಯನ್ನು ಚಿತ್ರಿಸಿದವರಿಗೆ ಒಮ್ಮೆ ಸಂಬಳ ಸಂದಿತು. ಬಳಿಕ ಅದನ್ನು ಹತ್ತು ಜನಕ್ಕೆ ಮಾರಿದರೂ ಹತ್ತು ಲಕ್ಷ ಜನಕ್ಕೆ ಮಾರಿದರೂ ಅದನ್ನು ತಯಾರಿಸಿದ ಖರ್ಚು ಅಷ್ಟೆ. ಹೀಗಿರಲು ಅದರ ಬೆಲೆಯನ್ನು ನಿಶ್ಚಯಿಸುವುದು ಯಾವುದು?

ಮೊದಲು ಹೀಗಿರಲಿಲ್ಲ. ಜಪಾನಿನ ನಿಂಟೆಂಡೋ ಸಂಸ್ಥೆಯವರು ೧೯೮೯ರಲ್ಲಿ ‘ಗೇಮ್ ಬಾಯ್’ ಎಂಬ ಅಂಗೈ ಯಂತ್ರವನ್ನು ಹೊರತಂದಾಗ ಪ್ರತಿಯೊಂದು ಆಟವೂ ಕಾರ್ಟ್ರಿಡ್ಜ್ ಎಂಬ ಚಿಕ್ಕ ಪ್ಲಾಸ್ಟಿಕ್ ಕವಚದೊಳಗಿನ ಮೆಮರಿ ಚಿಪ್ಪಿನಲ್ಲಿ ಅಡಗಿರುತ್ತಿತ್ತು. ಪ್ರತಿಯೊಂದು ಪ್ರತಿಗೂ ಚಿಪ್ಪು ಬೇಕು, ಕವಚ ಬೇಕು, ಸಾಗಣೆ ಬೇಕು. ಒಮ್ಮೆ ಕೊಂಡರೆ ಆಟ ಪೂರ್ತಿಯಾಗಿ ಕೊಂಡವನದು. ಬೇಡವೆಂದರೆ ಗೆಳೆಯನಿಗೆ ಮಾರಬಹುದಾಗಿತ್ತು. ನಮ್ಮ ಪೇಟೆಗಳ ಆಟಿಕೆಯ ಅಂಗಡಿಗಳಿಗೆ ಹೆಚ್ಚಾಗಿ ಬಂದದ್ದು ಅದಲ್ಲ, ‘ಬ್ರಿಕ್ ಗೇಮ್’ ಎಂಬ ಅಗ್ಗದ ಸಾಧನ. ಅದರ ಮೈಮೇಲೆ ೯೯೯೯ ಆಟಗಳೆಂದು ಅಚ್ಚಾಗಿರುತ್ತಿತ್ತು. ಒಳಗಿದ್ದವು ಕೆಲವೇ ಆಟಗಳು. ವೇಗವನ್ನೂ ಮಟ್ಟವನ್ನೂ ಬದಲಿಸಿ ಬದಲಿಸಿ ಎಣಿಸಿದ ಲೆಕ್ಕವದು. ಸಂಖ್ಯೆಯನ್ನು ತೋರಿಸಿ ಗಿರಾಕಿಯನ್ನು ಬೆರಗುಗೊಳಿಸುವ ವಿದ್ಯೆ ಆಗಲೇ ಹುಟ್ಟಿತ್ತೆನ್ನಬೇಕು.

ಅಂತರಜಾಲವು ಆಟದ ಯಂತ್ರಗಳನ್ನು ಮುಟ್ಟಿದ ಮೇಲೆ ಆಟವನ್ನು ತುಂಡುತುಂಡಾಗಿ ಮಾರುವುದು ಸಾಧ್ಯವಾಯಿತು. ೨೦೦೬ರಲ್ಲಿ ಅಮೆರಿಕದ ‘ಒಬ್ಲಿವಿಯನ್’ ಎಂಬ ಆಟದಲ್ಲಿ ಕುದುರೆಗೆ ತೊಡಿಸುವ ಕವಚವೊಂದನ್ನು ಎರಡೂವರೆ ಡಾಲರಿಗೆ ಮಾರಿದಾಗ ಆಟಗಾರರು ನಕ್ಕರು, ಬೈದರು. ಆದರೂ ಬಹುಮಂದಿ ಕೊಂಡರು. ಅಂಗೈ ಯಂತ್ರಗಳ ಪೈಕಿ ನಿಂಟೆಂಡೋ ೩ಡಿಎಸ್‌ನ ಕಥೆ ಇನ್ನೂ ಬೋಧಪ್ರದವಾದುದು. ೨೦೧೧ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಅದರ ಬೆಲೆ ೨೫,೦೦೦ ಯೆನ್. ಮಾರಾಟ ಕುಂಠಿತವಾದುದರಿಂದ ಅದೇ ಆಗಸ್ಟಿನಲ್ಲಿ ಬೆಲೆಯನ್ನು ೧೫,೦೦೦ಕ್ಕೆ ಇಳಿಸಿದರು. ಮೊದಲೇ ಕೊಂಡವರು ಮುನಿಯದಿರುವರೆ? ಅವರಿಗೆ ಹತ್ತು ಸಾವಿರ ಯೆನ್ನುಗಳನ್ನು ಹಿಂದಿರುಗಿಸಲಿಲ್ಲ; ಇಪ್ಪತ್ತು ಹಳೆಯ ಆಟಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟರು. ಪಡೆದವನಿಗೆ ಇಪ್ಪತ್ತು ಆಟಗಳ ಸಂತೋಷ, ಕೊಟ್ಟವನಿಗೆ ಬಹುಮಟ್ಟಿಗೆ ಖರ್ಚಿಲ್ಲ. ಅಡಕೆಯ ವ್ಯಾಪಾರಿ ಇಂತಹ ಪರಿಹಾರವನ್ನು ಕನಸಿನಲ್ಲಿಯೂ ಕೊಡಲಾರನು. ಮರುವರ್ಷ, ಅಂದರೆ ೨೦೧೨ರಲ್ಲಿ, ‘ನ್ಯೂ ಸೂಪರ್ ಮಾರಿಯೋ ಬ್ರದರ್ಸ್ ೨’ ಎಂಬ ಆಟಕ್ಕೆ ಹೆಚ್ಚಿನ ಹಂತಗಳನ್ನು ಹಣಕ್ಕೆ ಮಾರತೊಡಗಿದರು.

ಇಲ್ಲಿ ನಾವು ಅರ್ಥಶಾಸ್ತ್ರದ ಕಡೆಗೆ ಸ್ವಲ್ಪ ತಿರುಗಬೇಕು. ಚಿಕ್ಕಜಾಜೂರಿನಲ್ಲಿ ನಿಲ್ಲುವ ಒಂದೇ ರೈಲಿನಲ್ಲಿ ಬೇರೆಬೇರೆ ದರದ ತರಗತಿಗಳಿರುವುದನ್ನು ಹೊಳಲ್ಕೆರೆಯ ಓದುಗರು ಕಂಡಿದ್ದಾರೆ. ಎಲ್ಲರೂ ಊರನ್ನು ಮುಟ್ಟುವುದು ಒಂದೇ ಗಳಿಗೆಗೆ. ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪ್ವಿ ೧೮೪೯ರಲ್ಲಿ ಇದರ ಮರ್ಮವನ್ನು ವಿವರಿಸಿದನು. ಅಂದಿನ ಮೂರನೆಯ ತರಗತಿಯ ಗಾಡಿಗೆ ಚಾವಣಿ ಹಾಕದಿದ್ದುದು ಚಾವಣಿಯ ಖರ್ಚಿಗೆ ಹೆದರಿ ಅಲ್ಲ. ಎರಡನೆಯ ತರಗತಿಯ ದರವನ್ನು ಕೊಡಬಲ್ಲವರು ಮೂರನೆಯದಕ್ಕೆ ಇಳಿಯದಿರಲೆಂದು. ಇಂದಿನ ‘ಉಚಿತ’ ಆಟವು ಆ ಚಾವಣಿಯಿಲ್ಲದ ಗಾಡಿಯ ಮೊಮ್ಮಗನೇ ಸರಿ. ನಡುನಡುವೆ ಜಾಹೀರಾತು ಬರುವುದು, ಮುಂದಿನ ಹಂತಕ್ಕೆ ಗಂಟೆಗಟ್ಟಲೆ ಕಾಯಿಸುವುದು, ಯೋಧನಿಗೆ ಸಪ್ಪೆ ಉಡುಪನ್ನು ತೊಡಿಸುವುದು — ಇವೆಲ್ಲ ಬೇಕೆಂದೇ ತೆಗೆದಿಟ್ಟ ಚಾವಣಿಗಳು. ಕೆಲವೊಮ್ಮೆ ಮಾರುವ ಸರಕು ಮೊದಲೇ ಆಟಗಾರನ ಯಂತ್ರದೊಳಗೆ ಬಂದು ಕುಳಿತಿರುತ್ತದೆ. ಹಣ ಸಂದ ಮೇಲೆ ಬರುವುದು ಅದನ್ನು ತೆರೆಯುವ ಅಪ್ಪಣೆ ಮಾತ್ರ.

ನಮ್ಮ ಸೀಮೆಗೆ ಈ ವ್ಯಾಪಾರ ಬಂದದ್ದು ಫೋನಿನ ಮೂಲಕ. ೨೦೧೫ರಲ್ಲಿ ಗೂಗಲ್ ತನ್ನ ಪ್ಲೇ ಸ್ಟೋರಿನಲ್ಲಿ ಭಾರತಕ್ಕೆ ಕನಿಷ್ಠ ಬೆಲೆಯನ್ನು ೫೦ ರೂಪಾಯಿಗಳಿಂದ ೧೦ ರೂಪಾಯಿಗೆ ಇಳಿಸಿತು. ಶಾಂಪೂವನ್ನು ಚಿಕ್ಕ ಪೊಟ್ಟಣಗಳಲ್ಲಿ ಮಾರಿ ಹಳ್ಳಿಯನ್ನು ಮುಟ್ಟಿದ ಉಪಾಯವೇ ಇದು. ೨೦೧೬ರಲ್ಲಿ ಜಿಯೋ ಡೇಟಾದ ದರವನ್ನು ಕುಸಿಯುವಂತೆ ಮಾಡಿತು. ಅದೇ ವರ್ಷ ಯುಪಿಐ ಬಂದಿತು. ಅಂದಿನಿಂದ ಹಿರಿಯೂರಿನ ಹುಡುಗನಿಗೂ ಟೋಕಿಯೋದ ಹುಡುಗನಿಗೂ ಅಂಗಡಿ ಒಂದೇ ಆಯಿತು. ಆದರೆ ಕಿಸೆ ಒಂದೇ ಅಲ್ಲ.

ಬೆಲೆಯನ್ನು ಮರೆಸುವ ಉಪಾಯಗಳಲ್ಲಿ ಮುಖ್ಯವಾದುದು ಆಟದೊಳಗಿನ ನಾಣ್ಯ. ನೂರು ನಾಣ್ಯಗಳ ಕಟ್ಟು ೮೦ ರೂಪಾಯಿ, ಅಂಗಿಗೆ ೧೨೦ ನಾಣ್ಯ ಎಂದಿಟ್ಟುಕೊಳ್ಳೋಣ. ಲೆಕ್ಕದಂತೆ ಅಂಗಿಯ ಬೆಲೆ ೯೬ ರೂಪಾಯಿ. ಆದರೆ ಎರಡು ಕಟ್ಟುಗಳನ್ನು ಕೊಳ್ಳದೆ ವಿಧಿಯಿಲ್ಲ. ಕೈಬಿಟ್ಟು ಹೋಗುವುದು ೧೬೦. ಉಳಿದ ೮೦ ನಾಣ್ಯಗಳು ಇನ್ನೊಂದು ಕಟ್ಟಿನ ಕಡೆಗೆ ಕೈಬೀಸುತ್ತ ಕುಳಿತಿರುತ್ತವೆ.

ಇದಕ್ಕಿಂತ ಗಹನವಾದುದು ಅದೃಷ್ಟದ ಪೆಟ್ಟಿಗೆ. ಹತ್ತು ರೂಪಾಯಿಯ ಪೆಟ್ಟಿಗೆಯೊಂದರಲ್ಲಿ ಅಪರೂಪದ ಆಯುಧ ದೊರೆಯುವ ಸಂಭವ ನೂರಕ್ಕೆ ಒಂದು ಎನ್ನೋಣ. ನೂರು ಪೆಟ್ಟಿಗೆ ತೆರೆದರೆ ಆಯುಧ ಸಿಕ್ಕೇ ಸಿಗುವುದೆಂದು ಬಹುಮಂದಿ ಬಗೆಯುತ್ತಾರೆ. ಗಣಿತ ಹಾಗೆ ಹೇಳುವುದಿಲ್ಲ. ಒಂದು ಪೆಟ್ಟಿಗೆಯಲ್ಲಿ ಸಿಗದಿರುವ ಸಂಭವ ೦.೯೯, ನೂರರಲ್ಲಿಯೂ ಸಿಗದಿರುವ ಸಂಭವವನ್ನು ತಿಳಿಯಲು ೦.೯೯ನ್ನು ನೂರು ಸಲ ಗುಣಿಸಬೇಕು. ಉತ್ತರ ಸುಮಾರು ೦.೩೭. ಎಂದರೆ ಸಾವಿರ ರೂಪಾಯಿ ಕಳೆದ ನೂರು ಜನರಲ್ಲಿ ಸುಮಾರು ಮೂವತ್ತೇಳು ಮಂದಿ ಬರಿಗೈಯವರು. ನೂರರಲ್ಲಿ ತೊಂಬತ್ತರಷ್ಟು ಭರವಸೆ ಬೇಕಾದರೆ ೨೩೦ ಪೆಟ್ಟಿಗೆಗಳನ್ನು ತೆರೆಯಬೇಕು. ಓದುಗರು ಲಾಗರಿತಮ್ ಹಿಡಿದು ಇದನ್ನು ಪರೀಕ್ಷಿಸಬಹುದು. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಇಲ್ಲಿ ನೆನಪಿಗೆ ಬರುತ್ತವೆ. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುವುದೆಂಬುದು ತಿಳಿಯದಿದ್ದಾಗಲೇ ಹಕ್ಕಿ ಎಡೆಬಿಡದೆ ಕುಕ್ಕುವುದು. ಚೀನಾ ದೇಶವು ೨೦೧೭ರಲ್ಲಿ ಇಂತಹ ಪೆಟ್ಟಿಗೆಗಳ ಸಂಭವವನ್ನು ಪ್ರಕಟಿಸಬೇಕೆಂದು ವಿಧಿಸಿತು; ಬೆಲ್ಜಿಯಂ ೨೦೧೮ರಲ್ಲಿ ಕೆಲವು ಆಟಗಳ ಪೆಟ್ಟಿಗೆಗಳನ್ನು ಜೂಜೆಂದೇ ಎಣಿಸಿತು.

ಕರ್ನಾಟಕವೂ ಸುಮ್ಮನಿರಲಿಲ್ಲ. ೨೦೨೧ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ೨೦೨೨ರ ಫೆಬ್ರವರಿ ೧೪ರಂದು ಉಚ್ಚ ನ್ಯಾಯಾಲಯವು ಆ ವಿಧಿಗಳನ್ನು ರದ್ದುಗೊಳಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತೇ ಕಾಯಿದೆಯೊಂದನ್ನು ಮಾಡಿತು. ಅದರ ಗುರಿ ಹಣ ಹೂಡಿ ಹಣ ಗೆಲ್ಲುವ ಆಸೆಯ ಆಟಗಳು. ಆಟಕ್ಕೆ ಪ್ರವೇಶ ಶುಲ್ಕವನ್ನೋ ಚಂದಾವನ್ನೋ ಪಡೆಯುವುದಕ್ಕೆ ಅಡ್ಡಿಯಿಲ್ಲ.

ಕೊಂಡದ್ದು ನಿಜವಾಗಿ ನಮ್ಮದೆ? ಇದು ವಿದ್ಯಾರ್ಥಿಗಳು ಕೇಳಿಕೊಳ್ಳಬೇಕಾದ ಪ್ರಶ್ನೆ. ೨೦೨೦ರ ಸೆಪ್ಟೆಂಬರ್ ೨ರಂದು ಕೇಂದ್ರ ಸರ್ಕಾರವು ‘ಪಬ್‌ಜಿ ಮೊಬೈಲ್’ ಆಟವನ್ನು ನಿಷೇಧಿಸಿದಾಗ, ಅದರಲ್ಲಿ ಹಣ ಸುರಿದವರ ಉಡುಪು, ಆಯುಧಗಳೆಲ್ಲ ಕೈಗೆ ಸಿಗದಾದುವು. ಮರುವರ್ಷದ ಜುಲೈನಲ್ಲಿ ‘ಬಿಜಿಎಂಐ’ ಎಂಬ ಹೆಸರಿನಿಂದ ಆಟ ಮರಳಿತು. ಹಳೆಯ ಖಾತೆಯನ್ನು ವರ್ಗಾಯಿಸಿಕೊಳ್ಳಲು ಅವಕಾಶವೂ ದೊರೆಯಿತು. ಅದು ಮಾರಿದವರ ಕೃಪೆ, ಕೊಂಡವರ ಹಕ್ಕಲ್ಲ. ೩ಡಿಎಸ್‌ನ ಆನ್‌ಲೈನ್ ಅಂಗಡಿಯೂ ೨೦೨೩ರ ಮಾರ್ಚ್ ೨೭ರಂದು ಹೊಸ ಮಾರಾಟವನ್ನು ನಿಲ್ಲಿಸಿತು. ಹಣ ಕೊಟ್ಟು ನಾವು ಪಡೆಯುವುದು ವಸ್ತುವನ್ನಲ್ಲ, ಅದನ್ನು ಬಳಸುವ ಪರವಾನಗಿಯನ್ನು.

ಹದಿನೆಂಟು ತುಂಬದವನು ಮಾಡಿಕೊಂಡ ಕರಾರು ೧೮೭೨ರ ಭಾರತೀಯ ಕರಾರು ಕಾಯಿದೆಯಂತೆ ಸಿಂಧುವಲ್ಲ. ಆದರೆ ಹೊಸದುರ್ಗದ ಮನೆಯೊಂದರಲ್ಲಿ ಮಗನು ಆಡುವುದು ತಂದೆಯ ಫೋನಿನಲ್ಲಿ, ತಂದೆಯ ಖಾತೆಯಲ್ಲಿ. ಒತ್ತಿದ ಬೆರಳು ಯಾರದೆಂದು ಅಂಗಡಿಗೆ ತಿಳಿಯದು. ಪ್ಲೇ ಸ್ಟೋರಿನ ಸೆಟ್ಟಿಂಗ್‌ನಲ್ಲಿ ಪ್ರತಿಯೊಂದು ಖರೀದಿಗೂ ಗುಪ್ತಪದವನ್ನು ಕೇಳುವಂತೆ ಮಾಡಬಹುದು. ತಪ್ಪಿ ಕೊಂಡದ್ದಾದರೆ ೪೮ ಗಂಟೆಗಳೊಳಗೆ ಹಣ ಹಿಂದಿರುಗಿಸುವಂತೆ ಗೂಗಲ್‌ಗೆ ಕೋರಿಕೆಯನ್ನು ಕಳುಹಿಸಬೇಕು. ಅದು ಮೀರಿದರೆ ಹೆಚ್ಚಾಗಿ ಆಟವನ್ನು ಮಾಡಿದ ಸಂಸ್ಥೆಯವರನ್ನೇ ಕೇಳಬೇಕಾಗುತ್ತದೆ.