ಹಣ ತೀರಿದರೆ ಸಾಲದು, ಡಿಕ್ರಿಯೂ ತೀರಬೇಕು

ಕೋರ್ಟಿನ ಕಾಗದವೆಂದರೆ ನಮ್ಮವರಿಗೆ ದಿಗಿಲು. ಕಳೆದ ತಿಂಗಳು ರಾಯಪುರಂನ ನಮ್ಮ ಬೀದಿಯ ಹಿರಿಯರೊಬ್ಬರು ಅಂಥದೊಂದು ಕಾಗದವನ್ನು ಹಿಡಿದು ಬಂದರು. “ನೀನು ಸರ್ಕಾರಿ ಆಫೀಸಿನಲ್ಲಿರುವವನು, ಇದನ್ನು ಓದಿ ಹೇಳಪ್ಪಾ” ಎಂದರು. ಐದು ವರ್ಷಗಳ ಹಿಂದೆ ಅವರ ಮೇಲೆ ಒಂದು ಸಾಲದ ಡಿಕ್ರಿಯಾಗಿತ್ತು. ಡಿಕ್ರಿಯ ಹಣವನ್ನು ಅವರು ಆಗಲೇ ಸಾಲಗಾರನ ಕೈಗೆ ಎಣಿಸಿ ಕೊಟ್ಟಿದ್ದರು. ಆತ ಈಗಿಲ್ಲ, ಆತನ ಮಕ್ಕಳು ಅದೇ ಹಣಕ್ಕೆ ಜಾರಿ ಅರ್ಜಿ ಹಾಕಿದ್ದಾರೆ.

“ರಸೀತಿ ಇದೆಯೇ?” ಎಂದೆ.

“ಗುರುತಿನವರ ಹತ್ತಿರ ರಸೀತಿ ಕೇಳುವುದು ಹೇಗಪ್ಪಾ?” ಎಂದರು.

ಧರ್ಮಕ್ಕೆ ಅವರ ಮಾತು ಸರಿ. ಆದರೆ 1908ರ ಸಿವಿಲ್ ಪ್ರೊಸೀಜರ್ ಕೋಡಿನ 21ನೆಯ ಆರ್ಡರು, 2ನೆಯ ರೂಲಿನ ಪ್ರಕಾರ, ಕೋರ್ಟಿನ ಹೊರಗೆ ಕೊಟ್ಟ ಹಣವು ಕೋರ್ಟಿನ ದಾಖಲೆಗೆ ಸೇರದಿದ್ದರೆ, ಡಿಕ್ರಿಯನ್ನು ಜಾರಿ ಮಾಡುವ ಕೋರ್ಟು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಣದ ಡಿಕ್ರಿಯನ್ನು 12 ವರ್ಷಗಳವರೆಗೆ ಜಾರಿಗೆ ತರಬಹುದು.

ಹಾಗಾದರೆ ಮಾಡಬೇಕಾದುದೇನು? ಹಣವನ್ನು ಕೋರ್ಟಿಗೇ ಕಟ್ಟುವುದು ಎಲ್ಲಕ್ಕಿಂತ ಕ್ಷೇಮ. ಕಟ್ಟಿದ ಸಂಗತಿಯನ್ನು ಕೋರ್ಟಿನ ಮೂಲಕವಾಗಲಿ, ರಿಜಿಸ್ಟರ್ಡ್ ಅಂಚೆಯಲ್ಲಾಗಲಿ ಡಿಕ್ರಿದಾರನಿಗೆ ನೋಟೀಸು ಕೊಟ್ಟು ತಿಳಿಸಬೇಕು. ಅದು ಅವನಿಗೆ ಮುಟ್ಟಿದ ದಿನದಿಂದ ಆ ಹಣದ ಮೇಲೆ ಬಡ್ಡಿ ನಿಲ್ಲುತ್ತದೆ. ಬ್ಯಾಂಕಿನ ಮೂಲಕ ಕೊಡುವುದಾದರೆ ದಾವೆಯ ನಂಬರು, ಉಭಯ ಕಕ್ಷಿಗಳ ಹೆಸರು, ಕೊಡುವವರ ಹೆಸರು ವಿಳಾಸ, ಹಣವು ಅಸಲಿಗೋ ಬಡ್ಡಿಗೋ ಖರ್ಚಿಗೋ ಎಂಬುದನ್ನು ಬರೆಯಬೇಕು. ಕೈಗೇ ಕೊಟ್ಟರೆ ಬರಹದಲ್ಲಿ ರಸೀತಿ ಪಡೆಯಬೇಕು.

ಹೊರಗೆ ಹಣ ಪಡೆದ ಡಿಕ್ರಿದಾರನು ಅದನ್ನು ಕೋರ್ಟಿಗೆ ತಿಳಿಸಬೇಕಾದುದು ನಿಯಮ. ಅವನು ಸುಮ್ಮನಿದ್ದರೆ, ಕೊಟ್ಟವರೇ 30 ದಿನಗಳೊಳಗೆ ಅರ್ಜಿ ಹಾಕಬೇಕು. ಕೋರ್ಟು ಅವನಿಗೆ ನೋಟೀಸು ಕಳಿಸಿ, ಅವನು ತಕ್ಕ ಕಾರಣ ತೋರಿಸದಿದ್ದರೆ ಸಂದಾಯವನ್ನು ದಾಖಲೆ ಮಾಡುತ್ತದೆ. 1976ರ ತಿದ್ದುಪಡಿಯ ತರುವಾಯ ಬರಿಯ ಬಾಯಿಸಾಕ್ಷಿ ಸಾಲದು. ನಿಯಮದಂತೆ ಹಣ ಕೊಟ್ಟಿರಬೇಕು, ಇಲ್ಲವೆ ಕಾಗದದ ಪುರಾವೆ ಇರಬೇಕು, ಅದೂ ಇಲ್ಲದಿದ್ದರೆ ಡಿಕ್ರಿದಾರನೇ ಒಪ್ಪಬೇಕು. ದಾಖಲೆಯಾದ ಬಳಿಕ ಆ ಆರ್ಡರಿನ ನಕಲು ಪಡೆದು, ಮನೆಯ ಪತ್ರಗಳ ಜೊತೆ ಜೋಪಾನವಾಗಿಡಬೇಕು.

ಮರುದಿನವೇ ಹಿರಿಯರನ್ನು ಹೈಕೋರ್ಟು ಆವರಣದಲ್ಲಿರುವ ಸಿಟಿ ಸಿವಿಲ್ ಕೋರ್ಟಿಗೆ, ವಕೀಲರೊಬ್ಬರ ಬಳಿಗೆ ಕರೆದೊಯ್ದೆ. “ಆ ಮಕ್ಕಳು ಒಪ್ಪಿಕೊಂಡರೆ ದಾರಿಯುಂಟು” ಎಂದರು ವಕೀಲರು. ಹಿರಿಯರು ಈಗ ಅವರ ಮನೆಗೆ ಅಲೆಯುತ್ತಿದ್ದಾರೆ.

ಪರಸ್ಥಳದಲ್ಲಿ ಬಾಳುವ ನಮಗೆ ದಾಕ್ಷಿಣ್ಯ ಹೆಚ್ಚು. ಆದರೆ ರಸೀತಿ ಕೇಳುವುದು ಅಪನಂಬಿಕೆಯಲ್ಲ. ಕೊಟ್ಟವರಿಗೂ ಪಡೆದವರಿಗೂ, ಅವರ ಮಕ್ಕಳಿಗೂ ಅದು ರಕ್ಷೆ.