ಜಾಮೀನುದಾರ ತಪ್ಪಿದರೆ ದಂಡ ಯಾರಿಗೆ?

ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಒಂದು ಪಟ್ಟಿಯಿದೆ. ಹೊರದೇಶದಿಂದ ಕೆಲಸಗಾರರನ್ನು ಕರೆಸಿಕೊಳ್ಳಲು ಅಲ್ಲಿನ ಗೃಹ ಇಲಾಖೆಯಿಂದ ಲೈಸೆನ್ಸ್ ಪಡೆದವರ ಪಟ್ಟಿ ಅದು. ಕಚೇರಿ ತೆರೆದಿರುವ ದಿನಗಳಲ್ಲೆಲ್ಲ ಪರಿಷ್ಕರಣೆಯಾಗುತ್ತದೆ. ಒಂದು ಲಕ್ಷಕ್ಕೂ ಮಿಕ್ಕ ಹೆಸರುಗಳು. ಸರ್ಕಾರಿ ಆಸ್ಪತ್ರೆಗಳನ್ನು ನಡೆಸುವ ಟ್ರಸ್ಟ್‌ಗಳು, ವಿಶ್ವವಿದ್ಯಾಲಯಗಳು, ಬೆಂಗಳೂರಿನ ಐಟಿ ಕಂಪನಿಗಳ ಅಲ್ಲಿನ ಶಾಖೆಗಳು, ಪುಟ್ಟ ರೆಸ್ಟೊರೆಂಟುಗಳು, ಅರ್ಚಕರು ಬೇಕಾದ ದೇವಸ್ಥಾನಗಳು, ವೃದ್ಧರ ಆರೈಕೆ ಕೇಂದ್ರಗಳು ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿವೆ. ಈ ಪಟ್ಟಿಯಲ್ಲಿ ಹೆಸರಿಲ್ಲದ ಮಾಲೀಕ ಮಂಗಳೂರಿನ ನರ್ಸ್‌ಗಾಗಲಿ ಬೆಂಗಳೂರಿನ ಎಂಜಿನಿಯರಿಗಾಗಲಿ ‘ಸ್ಕಿಲ್ಡ್ ವರ್ಕರ್’ ವೀಸಾ ಕೊಡಿಸಲಾರ. ಹೀಗೆ ವೀಸಾಕ್ಕೆ ಬೆನ್ನಾಗಿ ನಿಲ್ಲುವವನನ್ನು ಸ್ಪಾನ್ಸರ್ ಎನ್ನುತ್ತಾರೆ. ಕನ್ನಡದಲ್ಲಿ ‘ಪ್ರಾಯೋಜಕ’ ಎಂದರೆ ಧಾರಾವಾಹಿಯ ನಡುವೆ ಬರುವ ಸೋಪಿನ ಕಂಪನಿ ನೆನಪಾಗುತ್ತದೆ, ಆ ಪದ ಇಲ್ಲಿ ಹೊಂದದು. ಜಾಮೀನುದಾರ ಎನ್ನುವುದು ಹೆಚ್ಚು ಸರಿ. ಆದರೆ ನಮ್ಮ ಸಹಕಾರ ಸಂಘದಲ್ಲಿ ಜಾಮೀನು ಹಾಕಿದವನು ಸಾಲಗಾರ ಕೈಕೊಟ್ಟಾಗ ತಾನು ದುಡ್ಡು ಕಟ್ಟುತ್ತಾನೆ. ಬ್ರಿಟನ್ನಿನ ಈ ಏರ್ಪಾಡಿನಲ್ಲಿ ಕೈಕೊಟ್ಟವನು ಜಾಮೀನುದಾರನೇ ಆದರೂ ಅದರ ಬೆಲೆಯಲ್ಲಿ ದೊಡ್ಡ ಪಾಲು ತೆರುವವನು ಕೆಲಸಗಾರ. ವ್ಯವಸ್ಥೆಯ ಮೂಲ ದೋಷ ಇದೇ ಎಂಬುದು ನನ್ನ ವಾದ.

2008ಕ್ಕೆ ಮುಂಚೆ ಅಲ್ಲಿ ವರ್ಕ್ ಪರ್ಮಿಟ್ ಪದ್ಧತಿ ಇತ್ತು. ಒಬ್ಬೊಬ್ಬ ಕೆಲಸಗಾರನಿಗೂ ಮಾಲೀಕ ಬೇರೆ ಬೇರೆ ಅರ್ಜಿ ಹಾಕಬೇಕಿತ್ತು; ಹುದ್ದೆಯನ್ನೂ ವ್ಯಕ್ತಿಯನ್ನೂ ಸರ್ಕಾರ ತಾನೇ ತೂಗಿ ನೋಡುತ್ತಿತ್ತು. ಆ ವರ್ಷದ ನವೆಂಬರಿನಲ್ಲಿ ಅರ್ಹತೆಗಳಿಗೆ ಅಂಕ ಕೊಟ್ಟು ಅಳೆಯುವ ‘ಪಾಯಿಂಟ್ಸ್’ ಪದ್ಧತಿ ನೌಕರಿಯ ವೀಸಾಗಳಿಗೂ ಬಂದಾಗ ತಕ್ಕಡಿಯಲ್ಲಿ ಕೂರುವವರು ಬದಲಾದರು. ಈಗ ಮೊದಲು ಮಾಲೀಕನಿಗೆ ಲೈಸೆನ್ಸ್, ಆಮೇಲೆ ಯಾರಿಗೆ ಜಾಮೀನು ನಿಲ್ಲಬೇಕೆಂಬುದು ಬಹುಪಾಲು ಅವನ ವಿವೇಚನೆ. ಅರ್ಜಿ ಆನ್‌ಲೈನ್. 2025ರ ಏಪ್ರಿಲ್‌ನಲ್ಲಿ ನಿಗದಿಯಾದಂತೆ ಸಣ್ಣ ಸಂಸ್ಥೆಗೆ, ಧರ್ಮಾರ್ಥ ಸಂಸ್ಥೆಗೆ 574 ಪೌಂಡ್ ಶುಲ್ಕ, ಉಳಿದವರಿಗೆ 1,579. ಅರ್ಜಿ ಸಲ್ಲಿಸಿದ 5 ಕೆಲಸದ ದಿನಗಳೊಳಗೆ ದಾಖಲೆಗಳು ಹೋಗಬೇಕು: ತೆರಿಗೆ ಇಲಾಖೆಯ ನೋಂದಣಿ, ಬ್ಯಾಂಕಿನ ಪತ್ರ, ಕಚೇರಿಯ ಬಾಡಿಗೆ ಕರಾರು, ನೌಕರರಿಗೆ ಗಾಯವಾದರೆ ಪರಿಹಾರ ಕೊಡುವ ಕನಿಷ್ಠ 50 ಲಕ್ಷ ಪೌಂಡ್‌ಗಳ ವಿಮೆ, ಹೀಗೆ ಸಾಮಾನ್ಯವಾಗಿ ನಾಲ್ಕಕ್ಕೆ ಕಡಿಮೆಯಿಲ್ಲದಂತೆ. ಜೊತೆಗೆ ಸಂಸ್ಥೆಯೊಳಗೆ ಹೊಣೆ ಹೊರುವ ವ್ಯಕ್ತಿಗಳನ್ನು ಹೆಸರಿಸಬೇಕು. ‘ಆಥರೈಸಿಂಗ್ ಆಫೀಸರ್’ ಎಂಬಾತ ನೇಮಕಾತಿಗೆ ಜವಾಬ್ದಾರನಾದ ಹಿರಿಯ, ಬ್ರಿಟನ್ನಿನಲ್ಲೇ ನೆಲೆಸಿದವನು; ಇಲಾಖೆಯ ಕಂಪ್ಯೂಟರ್ ವ್ಯವಸ್ಥೆಯನ್ನು ದಿನನಿತ್ಯ ನಿಭಾಯಿಸುವವನು ‘ಲೆವೆಲ್ ಒನ್ ಯೂಸರ್’. ಇವರ ಮೇಲೆ ಅಪರಾಧದ ಕಪ್ಪುಚುಕ್ಕೆ ಇದೆಯೇ ಎಂದು ನೋಡುತ್ತಾರೆ. ಬೇಕೆನಿಸಿದರೆ ಅಧಿಕಾರಿಗಳು ಖುದ್ದಾಗಿ ಬಂದು, ಕಚೇರಿ ನಿಜವೇ, ಹುದ್ದೆ ನಿಜವೇ ಎಂದು ಪರಿಶೀಲಿಸಬಹುದು. ‘ಬೇಕೆನಿಸಿದರೆ’ ಎಂಬ ಮಾತು ಮುಂದೆ ಎಷ್ಟು ದುಬಾರಿಯಾಯಿತೆಂದು ನೋಡಲಿದ್ದೇವೆ.

ಲೈಸೆನ್ಸ್ ಕೈಗೆ ಬಂದ ಮೇಲೆ ಮಾಲೀಕ ಒಂದರ್ಥದಲ್ಲಿ ಗಡಿಯ ಕಾವಲುಗಾರನಾಗುತ್ತಾನೆ. ಅವನು ಕೊಡುವ ‘ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್’ (ಏಜೆಂಟರ ಬಾಯಲ್ಲಿ ಬರೀ ‘ಸಿಒಎಸ್’) ಹೆಸರಿಗೆ ಸರ್ಟಿಫಿಕೇಟ್ ಆದರೂ ಕಾಗದವಲ್ಲ, ಇಲಾಖೆಯ ಕಂಪ್ಯೂಟರಿನಲ್ಲಿ ಹುಟ್ಟುವ ಒಂದು ಸಂಖ್ಯೆ. ಆ ಸಂಖ್ಯೆ ಹಿಡಿದು ಮೂರು ತಿಂಗಳೊಳಗೆ ವೀಸಾಕ್ಕೆ ಅರ್ಜಿ ಹಾಕಬೇಕು. ಕೆಲಸಗಾರ ಬಂದ ಮೇಲೆ ಅವನ ಪಾಸ್‌ಪೋರ್ಟ್ ಪ್ರತಿ, ವಿಳಾಸ, ಹಾಜರಿ, ಸಂಬಳದ ಲೆಕ್ಕ ಎಲ್ಲವನ್ನೂ ಕಾಪಿಡಬೇಕು. ಹೇಳದೆ ಕೇಳದೆ ಸತತ 10 ಕೆಲಸದ ದಿನ ಗೈರಾದರೆ, ಸಂಬಳ ಇಳಿದರೆ, ಕೆಲಸದ ಜಾಗ ಬದಲಾದರೆ 10 ಕೆಲಸದ ದಿನಗಳೊಳಗೆ ವರದಿ ಮಾಡಬೇಕು. ಖರ್ಚೂ ಸಣ್ಣದಲ್ಲ. ಪ್ರತಿ ಸಂಖ್ಯೆಗೆ 525 ಪೌಂಡ್. ಅದರ ಮೇಲೆ ‘ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್’ ಎಂಬ ತೆರಿಗೆ, 2025ರ ಡಿಸೆಂಬರಿನಿಂದ ದೊಡ್ಡ ಸಂಸ್ಥೆಗೆ ವರ್ಷಕ್ಕೆ 1,320, ಸಣ್ಣದಕ್ಕೆ 480. ಮೂರು ವರ್ಷಕ್ಕೆ ಒಬ್ಬ ಎಂಜಿನಿಯರನ್ನು ಕರೆಸುವ ದೊಡ್ಡ ಕಂಪನಿ ಇವೆರಡಕ್ಕೇ 4,485 ಪೌಂಡ್ ಕಟ್ಟಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 5 ಲಕ್ಷ ರೂಪಾಯಿ. ಇದನ್ನು ಕೆಲಸಗಾರನಿಂದ ವಸೂಲು ಮಾಡುವಂತಿಲ್ಲ ಎಂದು ನಿಯಮ ಖಚಿತವಾಗಿ ಹೇಳುತ್ತದೆ.

ಲೈಸೆನ್ಸಿನ ಈ ಶರತ್ತುಗಳನ್ನು ಇನ್ನೊಮ್ಮೆ ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಇಲಾಖೆ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ‘ಈ ಮಾಲೀಕ ಕೆಲಸಗಾರನ ಮೇಲೆ ಕಣ್ಣಿಡಬಲ್ಲನೇ’ ಎಂಬುದರ ಸುತ್ತ ಇವೆ. ‘ಕೆಲಸಗಾರನನ್ನು ಸರಿಯಾಗಿ ನಡೆಸಿಕೊಳ್ಳುವನೇ’ ಎಂಬುದು ಹಿಂದಿನ ಸಾಲಿನದು. ವಲಸೆಯ ನಿಯಂತ್ರಣಕ್ಕೆಂದು ಹುಟ್ಟಿದ ಸಾಧನ ಅದು. ಕೂಲಿಯ ರಕ್ಷಣೆಗೆಂದು ಮಾಡಿದ್ದಲ್ಲ. ಹೊರಗಿನಿಂದ ಕರೆಸುವವರು ಪಳಗಿದ ದೊಡ್ಡ ಸಂಸ್ಥೆಗಳೇ ಆಗಿದ್ದಷ್ಟು ಕಾಲ ಈ ಅಂತರ ಅಷ್ಟಾಗಿ ಕಾಣಲಿಲ್ಲ. ಐಟಿ ಕಂಪನಿಗಳಿಗೆ ಇದಕ್ಕೆಂದೇ ವಿಭಾಗಗಳಿದ್ದವು. 2020ರ ಕೊನೆಗೆ ಯುರೋಪಿನಿಂದ ಮುಕ್ತವಾಗಿ ಬಂದು ದುಡಿಯುವ ದಾರಿ ಮುಚ್ಚಿತು. ಆಗ 30 ಸಾವಿರದ ಆಸುಪಾಸಿನಲ್ಲಿದ್ದ ಲೈಸೆನ್ಸ್‌ದಾರರ ಸಂಖ್ಯೆ ಕೆಲವೇ ವರ್ಷಗಳಲ್ಲಿ ಮೂರು ಪಟ್ಟು ದಾಟಿತು. 2022ರ ಫೆಬ್ರವರಿಯಲ್ಲಿ ವೃದ್ಧರ, ಅಂಗವಿಕಲರ ಆರೈಕೆ ಮಾಡುವ ಕೆಲಸಗಾರರಿಗೂ ವೀಸಾ ತೆರೆದಾಗ, ಹಿಂದೆಂದೂ ಇದರ ಗೊಡವೆಗೆ ಹೋಗದ ಸಣ್ಣ ಸಣ್ಣ ಸಂಸ್ಥೆಗಳು ಜಾಮೀನುದಾರರಾದವು. ಕೆಲವು ಜಾಮೀನು ನಿಲ್ಲಲೆಂದೇ ಹುಟ್ಟಿಕೊಂಡವು.

ಏನಾಯಿತೆಂಬುದನ್ನು ಗಡಿ ಮತ್ತು ವಲಸೆಯ ಸ್ವತಂತ್ರ ಮುಖ್ಯ ತಪಾಸಣಾಧಿಕಾರಿಯಾಗಿದ್ದ ಡೇವಿಡ್ ನೀಲ್ ಅವರ ವರದಿ ಹೇಳುತ್ತದೆ. 2024ರ ಮಾರ್ಚ್‌ನಲ್ಲಿ ಅದು ಪ್ರಕಟವಾಯಿತು. ಅಸ್ತಿತ್ವದಲ್ಲೇ ಇಲ್ಲದ ಒಂದು ಆರೈಕೆ ಕೇಂದ್ರದ ಹೆಸರಿಗೆ 275 ಸರ್ಟಿಫಿಕೇಟುಗಳು ಹೋಗಿದ್ದವು. ಲೈಸೆನ್ಸ್ ಪಡೆಯುವಾಗ ನಮ್ಮಲ್ಲಿ ನಾಲ್ವರು ನೌಕರರಿದ್ದಾರೆ ಎಂದಿದ್ದ ಇನ್ನೊಂದು ಕಂಪನಿಗೆ 1,234. ಲೈಸೆನ್ಸ್ ಪಡೆದ 1,600 ಮಾಲೀಕರಿಗೆ ಒಬ್ಬರಂತೆ ತಪಾಸಣೆಯ ಅಧಿಕಾರಿಗಳಿದ್ದರು. ದಿನಕ್ಕೊಂದು ಕಡೆ ಭೇಟಿ ಕೊಟ್ಟರೂ ಸುತ್ತು ಮುಗಿಸಲು ಆ ಅಧಿಕಾರಿಗೆ ನಾಲ್ಕು ವರ್ಷ ಮೀರುತ್ತದೆ. ತಪಾಸಣೆ ಇಷ್ಟು ಸಡಿಲವಿದ್ದಾಗ ಸರ್ಟಿಫಿಕೇಟಿನ ಸಂಖ್ಯೆಗಳು ಮಾರಾಟದ ಸರಕಾದವು. ಅವನ್ನು ಲಕ್ಷಗಟ್ಟಲೆ ಹಣ ಕೊಟ್ಟು ಕೊಂಡವರು ಭಾರತದಲ್ಲೂ ಆಫ್ರಿಕದ ದೇಶಗಳಲ್ಲೂ ಹೊಲ, ಒಡವೆ ಅಡವಿಟ್ಟ ಕುಟುಂಬದವರು. ಅಲ್ಲಿಗೆ ಹೋದ ಮೇಲೆ ಹೇಳಿದಷ್ಟು ಗಂಟೆಗಳ ಕೆಲಸವೇ ಇಲ್ಲವೆಂದು ತಿಳಿದವರು ಅನೇಕರು.

ಇದು ಹಳೆಯ ಕಥೆ, ಈಗ ಬಿಗಿ ಮಾಡಿದ್ದಾರಲ್ಲ ಎಂಬ ಆಕ್ಷೇಪಕ್ಕೆ ಆಧಾರವಿದೆ. 2024ರ ಮಾರ್ಚ್‌ನಿಂದ ಇಂಗ್ಲೆಂಡಿನಲ್ಲಿ ಆರೈಕೆ ಕೆಲಸಕ್ಕೆ ಜನ ಕರೆಸುವ ಸಂಸ್ಥೆ ಅಲ್ಲಿನ ಆರೋಗ್ಯ ಸೇವೆಗಳ ನಿಯಂತ್ರಕ ಆಯೋಗದಲ್ಲಿ ನೋಂದಾಯಿಸಿರಲೇಬೇಕು. 2025ರ ಜುಲೈ 22ರಿಂದ ಆ ಕೆಲಸಕ್ಕೆ ಹೊರದೇಶದಿಂದ ನೇಮಕಾತಿಯೇ ನಿಂತಿದೆ. 2024ರ ಜುಲೈನಿಂದ 2025ರ ಜೂನ್‌ವರೆಗಿನ ಒಂದೇ ವರ್ಷದಲ್ಲಿ 1,948 ಲೈಸೆನ್ಸ್ ರದ್ದಾಗಿವೆ, ಹಿಂದಿನ ವರ್ಷದ 937ರ ಎರಡು ಪಟ್ಟಿಗೂ ಹೆಚ್ಚು. ಸರ್ಕಾರ ಈ ಅಂಕಿಯನ್ನು ಸಾಧನೆಯೆಂದು ಘೋಷಿಸಿತು. ಆದರೆ ಲೈಸೆನ್ಸ್ ರದ್ದಾದ ದಿನ ಏನಾಗುತ್ತದೆ? ಮಾಲೀಕ ಕನಿಷ್ಠ ಒಂದು ವರ್ಷ ಹೊಸ ಅರ್ಜಿ ಹಾಕುವಂತಿಲ್ಲ. ಅವನ ಮನೆ, ಅವನ ದೇಶ ಅಲ್ಲೇ ಇರುತ್ತವೆ. ಕೆಲಸಗಾರನ ವೀಸಾವನ್ನು ಇಲಾಖೆ ಸಾಮಾನ್ಯವಾಗಿ 60 ದಿನಕ್ಕೆ ಮೊಟಕು ಮಾಡುತ್ತದೆ. ಅಷ್ಟರೊಳಗೆ ಹೊಸ ಜಾಮೀನುದಾರ ಸಿಗಬೇಕು, ಇಲ್ಲವೇ ಮನೆಮಂದಿಯೊಂದಿಗೆ ದೇಶ ಬಿಡಬೇಕು. 2022ರ ಜುಲೈನಿಂದ 2024ರ ಡಿಸೆಂಬರ್‌ವರೆಗೆ ಲೈಸೆನ್ಸ್ ಕಳೆದುಕೊಂಡ 470ಕ್ಕೂ ಹೆಚ್ಚು ಆರೈಕೆ ಸಂಸ್ಥೆಗಳೊಂದಿಗೆ ನಂಟಿದ್ದ ಕೆಲಸಗಾರರು 39,000ಕ್ಕೂ ಮಿಕ್ಕು ಎಂದು ಸರ್ಕಾರವೇ ಹೇಳಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಮ್ಮ ಗಾದೆಗೆ ಇಷ್ಟು ದೊಡ್ಡ ಪ್ರಮಾಣದ ಉದಾಹರಣೆ ಅಪರೂಪ. ಬಿಗಿ ಮಾಡಿದಷ್ಟೂ ಬರೆಗಳು ಹೆಚ್ಚುತ್ತವೆ. ದೂರು ಕೊಟ್ಟರೆ ಲೈಸೆನ್ಸ್ ಹೋಗುತ್ತದೆ, ಲೈಸೆನ್ಸ್ ಹೋದರೆ ತನ್ನ ವೀಸಾ ಹೋಗುತ್ತದೆ ಎಂದು ಗೊತ್ತಿರುವವನು ದೂರು ಕೊಡುವುದಾದರೂ ಹೇಗೆ? ತಪಾಸಣೆಗೆ ಎಲ್ಲರಿಗಿಂತ ಒಳ್ಳೆಯ ಸಾಕ್ಷಿಯಾಗಬಲ್ಲವನ ಬಾಯಿಯನ್ನು ವ್ಯವಸ್ಥೆಯೇ ಹೊಲಿದಿದೆ.

ನ್ಯಾಯಾಲಯಗಳೂ ಇಲ್ಲಿ ನೆರವಿಗೆ ಬಂದಿಲ್ಲ. ಲೈಸೆನ್ಸ್ ಹಕ್ಕಲ್ಲ, ನಂಬಿಕೆಯ ಮೇಲೆ ಕೊಟ್ಟ ಸವಲತ್ತು ಎಂಬುದು ಅಲ್ಲಿನ ತೀರ್ಪುಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಪ್ರೆಸ್ಟ್‌ವಿಕ್ ಕೇರ್ ಎಂಬ ಆರೈಕೆ ಸಂಸ್ಥೆಯ ಪ್ರಕರಣದಲ್ಲಿ 2025ರಲ್ಲಿ ಮೇಲ್ಮನವಿ ನ್ಯಾಯಾಲಯ, ಲೈಸೆನ್ಸ್ ರದ್ದುಪಡಿಸುವ ಮುನ್ನ ಅದರಿಂದ ಇತರರ ಮೇಲಾಗುವ ಪರಿಣಾಮವನ್ನು ಗೃಹ ಇಲಾಖೆ ತೂಗಿ ನೋಡಲೇಬೇಕೆಂಬ ವಾದವನ್ನು ಒಪ್ಪಲಿಲ್ಲ. ಕಾನೂನಿನ ದೃಷ್ಟಿಯಿಂದ ತೀರ್ಪಿನಲ್ಲಿ ತರ್ಕವಿದೆ. ಸವಲತ್ತು ಸರ್ಕಾರ ಮತ್ತು ಮಾಲೀಕನ ನಡುವಿನದು. ಆದರೆ ಆ ಇಬ್ಬರ ಒಪ್ಪಂದದ ಮೇಲೆ ಮೂರನೆಯವನ ಬದುಕು ನಿಂತಿರುವುದರಿಂದಲೇ ಈ ತರ್ಕ ಕ್ರೂರವಾಗಿ ಕಾಣುತ್ತದೆ.

ಕೆಲಸಗಾರ ಬೇರೆ ಮಾಲೀಕನ ಬಳಿ ಹೋಗಬಹುದಲ್ಲ, ಅವನೇನು ಜೀತದಾಳೇ ಎಂದು ಕೇಳುವವರಿದ್ದಾರೆ. ಹೋಗಬಹುದು. ಹೊಸ ಮಾಲೀಕನಿಗೂ ಲೈಸೆನ್ಸ್ ಇರಬೇಕು, ಅವನು ಹೊಸ ಸಂಖ್ಯೆಗೆ ದುಡ್ಡು ಕಟ್ಟಬೇಕು, ಕೆಲಸಗಾರ ಹೊಸದಾಗಿ ವೀಸಾ ಅರ್ಜಿ ಹಾಕಬೇಕು. ಆರೈಕೆಯ ಕೆಲಸದವರಿಗೆ ಈ ಬದಲಾವಣೆಯ ಬಾಗಿಲು 2028ರ ಜುಲೈವರೆಗೆ ಮಾತ್ರ ತೆರೆದಿರುತ್ತದೆ ಎಂದು ಈಗಿನ ನಿಯಮ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಹಗ್ಗ ಸಡಿಲಿಸಿದರೆ, ಒಂದು ಕೆಲಸಕ್ಕೆಂದು ಬಂದವರು ಇನ್ನೆಲ್ಲೋ ಸೇರಿಕೊಂಡು ವೀಸಾದ ಉದ್ದೇಶವೇ ಹಾಳಾಗುತ್ತದೆ. ಈ ಭಯ ಪೊಳ್ಳಲ್ಲ. ಅದಕ್ಕೇ ಲೈಸೆನ್ಸ್ ಪದ್ಧತಿಯನ್ನೇ ಕಿತ್ತೊಗೆಯಿರಿ ಎಂದು ನಾನು ಹೇಳುತ್ತಿಲ್ಲ. ಲಾಭ ಪಡೆಯುವ ಮಾಲೀಕ ಹೊಣೆ ಹೊರಲೇಬೇಕು. ಆದರೆ ಆಸ್ಟ್ರೇಲಿಯ ಇದೇ ಬಗೆಯ ಜಾಮೀನು ಪದ್ಧತಿ ಇಟ್ಟುಕೊಂಡೇ 2024ರ ಜುಲೈನಿಂದ ಕೆಲಸ ಬಿಟ್ಟವರಿಗೆ ಒಮ್ಮೆಗೆ 180 ದಿನ, ವೀಸಾದ ಅವಧಿಯಲ್ಲಿ ಒಟ್ಟು 365 ದಿನ ಕಾಲಾವಕಾಶ ಕೊಟ್ಟಿದೆ. ಹೊಸ ಜಾಮೀನುದಾರನನ್ನು ಹುಡುಕುವಾಗ ಬೇರೆಡೆ ದುಡಿದು ಅನ್ನ ಸಂಪಾದಿಸಲೂ ಬಿಡುತ್ತದೆ. ಕೆನಡಾ 2019ರಿಂದ, ಮಾಲೀಕನ ದೌರ್ಜನ್ಯಕ್ಕೆ ಸಿಕ್ಕವರಿಗೆ ಯಾರ ಬಳಿ ಬೇಕಾದರೂ ದುಡಿಯಬಹುದಾದ ಪರ್ಮಿಟ್ ಕೊಡುತ್ತಿದೆ. ಎರಡೂ ದೇಶಗಳು ವಲಸೆಯ ವಿಷಯದಲ್ಲಿ ಧಾರಾಳಿಗಳೇನಲ್ಲ. ಬ್ರಿಟನ್ 60 ದಿನವನ್ನು 180 ಮಾಡಿದರೆ, ದೂರು ಕೊಟ್ಟವನ ವೀಸಾವನ್ನು ಮಾಲೀಕನ ಲೈಸೆನ್ಸಿನಿಂದ ಬಿಡಿಸಿದರೆ, ಸಾವಿರಾರು ಸಾಕ್ಷಿಗಳು ಸಂಬಳವಿಲ್ಲದೆ ತಪಾಸಣೆಗೆ ಸಿಗುತ್ತಾರೆ.

ಅದಾಗುವವರೆಗೆ ಇಲ್ಲಿಂದ ಹೊರಡುವವರು ಕೆಲವನ್ನು ತಿಳಿದಿರಬೇಕು. ಕೆಲಸ ಹುಡುಕಿಕೊಟ್ಟದ್ದಕ್ಕೆ ಕೆಲಸಗಾರನಿಂದ ಹಣ ಕೇಳುವುದು ಬ್ರಿಟನ್ನಿನಲ್ಲಿ 1973ರ ಕಾಯಿದೆಯಡಿ ಅಪರಾಧ. ಭಾರತದಲ್ಲಿ 1983ರ ವಲಸೆ ಕಾಯಿದೆಯಂತೆ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ‘ಸಿಒಎಸ್‌ಗೆ ಇಷ್ಟು ಲಕ್ಷ’ ಎಂದು ಯಾರಾದರೂ ಬೆಲೆ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಕರ್ನಾಟಕ ಸರ್ಕಾರದ ಕೌಶಲ್ಯಾಭಿವೃದ್ಧಿ ನಿಗಮದಡಿ ವಿದೇಶಿ ಉದ್ಯೋಗಕ್ಕೆಂದೇ ಒಂದು ಕೇಂದ್ರವಿದೆ, ಮೊದಲು ಅಲ್ಲಿ ವಿಚಾರಿಸಿ. ಕರೆಯುತ್ತಿರುವ ಸಂಸ್ಥೆಯ ಹೆಸರು ಪಟ್ಟಿಯಲ್ಲಿದೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ ನೋಡಿ. ಪಟ್ಟಿ ತೆರೆದರೆ ಸಂಸ್ಥೆಯ ಹೆಸರು, ಊರು, ಕೌಂಟಿ, ಲೈಸೆನ್ಸಿನ ಬಗೆ ಮತ್ತು ದರ್ಜೆ, ಯಾವ ವೀಸಾ ಎಂಬ ಐದು ಅಂಕಣಗಳು ಕಾಣುತ್ತವೆ. ಆ ಮಾಲೀಕನ ಮೇಲೆ ಎಷ್ಟು ದೂರುಗಳಿವೆ ಎಂದು ತಿಳಿಸುವ ಅಂಕಣ ಅದರಲ್ಲಿಲ್ಲ.