ಚಿಕಿತ್ಸೆ ಮುಗಿದ ಮೇಲಿನ ಫೋನು

ರಬಕವಿಯ ನಮ್ಮ ಓಣಿಯಲ್ಲಿ ಬೆಳಗಿನಿಂದಲೇ ಪಾವರ್‌ಲೂಮ್ ಸದ್ದು. ನಮ್ಮ ಮನೆಯವರು ಮಗ್ಗ ನೋಡಿಕೊಳ್ಳುತ್ತಾರೆ, ನಾನು ಕಂಡಿಕೆ ಸುತ್ತುತ್ತೇನೆ. ಎಡಗಡೆಯ ಸ್ತನ ತೆಗೆಸಿಕೊಂಡು, ಕಿಮೋ, ರೇಡಿಯೇಷನ್ ಎರಡನ್ನೂ ಮುಗಿಸಿ ಬಂದಾಗ ನೆರೆಹೊರೆಯವರು ‘ಆರಾಮಾತಲ್ಲ, ಆಪಾ’ ಅಂದರು. ಒಂಟಿತನ ಶುರುವಾದದ್ದು ಆಮೇಲೆ.

ಆಪರೇಷನ್ನಿನಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದರೆ ಆ ತೋಳಿನಲ್ಲಿ ನೀರು ನಿಂತು ಬಾವು ಬರಬಹುದು, ಎಷ್ಟೋ ವರ್ಷ ಕಳೆದ ಮೇಲೂ ಬರಬಹುದು. ನನ್ನಂಥ ಕೆಲವರಿಗೆ ಟ್ಯಾಮಾಕ್ಸಿಫೆನ್ ಮಾತ್ರೆಯನ್ನು ಐದರಿಂದ ಹತ್ತು ವರ್ಷ ದಿನಾ ನುಂಗಬೇಕಾಗುತ್ತದೆ. ಅದರಿಂದ ಇದ್ದಕ್ಕಿದ್ದಂತೆ ಮೈ ಕಾದು ಬೆವರಿಳಿಯುತ್ತದೆ, ರಾತ್ರಿ ನಿದ್ದೆ ಹಾರುತ್ತದೆ. ಬೇಸತ್ತು ಮಾತ್ರೆ ಬಿಟ್ಟರೆ ರೋಗ ಮರಳುವ ಅಪಾಯ ಹೆಚ್ಚು. ಇಷ್ಟನ್ನು ಕೇಳಲೆಂದು ಮುಧೋಳ, ಲೋಕಾಪುರ ದಾಟಿ ಹುಬ್ಬಳ್ಳಿಗೆ ಹೋದರೆ ಒಂದು ದಿನದ ಕೂಲಿ ಹೋಯಿತು.

ನರ್ಸಿಂಗ್ ಓದುವ ಮಗಳು ಒಂದು ಸಂಗತಿ ಹೇಳಿದಳು. ಅಮೆರಿಕದಲ್ಲಿ ಯುನ್-ಓಕ್ ಇಮ್ ಎಂಬ ನರ್ಸಿಂಗ್ ಸಂಶೋಧಕಿ ಅಲ್ಲಿನ ಚೀನೀ, ಕೊರಿಯನ್, ಜಪಾನೀ ಮೂಲದ ಸ್ತನ ಕ್ಯಾನ್ಸರ್ ದಾಟಿದ ಹೆಂಗಸರಿಗಾಗಿ ಇಂಟರ್ನೆಟ್ ಮೂಲಕ ನೆರವಿನ ವ್ಯವಸ್ಥೆ ರೂಪಿಸಿದ್ದಾರಂತೆ. ಅವರವರ ಭಾಷೆಯಲ್ಲೇ ಮಾಹಿತಿ, ತಮ್ಮಂಥವರ ಜೊತೆ ಮಾತು, ಅವರ ರೀತಿನೀತಿ ಬಲ್ಲವರಿಂದ ಸಲಹೆ. ಎಲ್ಲಕ್ಕಿಂತ ಈ ಕೊನೆಯದು ನನಗೆ ಹಿಡಿಸಿತು. ಭಾಷೆಯ ಮಾತೂ ಅಷ್ಟೇ ಮುಖ್ಯ: ನಮ್ಮ ಮನೆಮಾತು ದಖ್ಖನಿ ಉರ್ದು, ಊರಿನ ಮಾತು ಕನ್ನಡ. ಓದುವುದು ನಿಧಾನ, ಕೇಳಿದರೆ ಬೇಗ ತಿಳಿಯುತ್ತದೆ. ಕಪ್ಪು ಅಕ್ಷರದ ಉದ್ದನೆಯ ಸೂಚನೆಪಟ್ಟಿಗಿಂತ ಒಂದು ನಿಮಿಷದ ಧ್ವನಿ ಸಂದೇಶ ನನ್ನಂಥವಳಿಗೆ ಹೆಚ್ಚು ಉಪಕಾರಿ.

ಆದರೆ ಆ ಧ್ವನಿಯನ್ನು ಎಲ್ಲಿ ಕೇಳಬೇಕು? ನಮ್ಮ ಮನೆಯಲ್ಲಿದ್ದ ದೊಡ್ಡ ಫೋನು ಮಗನದು. ಸ್ತನ, ಗಾಯ, ಮುಟ್ಟು ಅಂತ ಅದು ಜೋರಾಗಿ ನುಡಿದರೆ ನಾಚಿಕೆಯಿಂದ ಸಾಯುತ್ತಿದ್ದೆ. ಅದಕ್ಕೇ ಮಗಳು ತನ್ನ ಹಳೆಯ ಫೋನನ್ನು ಇಯರ್‌ಫೋನ್ ಸಮೇತ ನನ್ನ ಕೈಗಿತ್ತಳು. ಚಿಕಿತ್ಸೆ ಮುಗಿದ ಹೆಂಗಸಿಗೆ ಅವಳದೇ ಒಂದು ಫೋನು ಇರಲೇಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಈಗ ವಾರಕ್ಕೊಮ್ಮೆ ಟೇಪು ಹಿಡಿದು ಎರಡೂ ತೋಳುಗಳನ್ನು ಒಂದೇ ಜಾಗದಲ್ಲಿ ಅಳೆಯುತ್ತೇವೆ. ವ್ಯತ್ಯಾಸ ಕಂಡರೆ ತೋಳಿನ ಫೋಟೊ ಫಿಸಿಯೋಥೆರಪಿಸ್ಟ್‌ಗೆ ಹೋಗುತ್ತದೆ. ವಿಡಿಯೊ ಕಾಲಿನಲ್ಲಿ ಆಕೆ ವ್ಯಾಯಾಮ ಮಾಡಿಸುತ್ತಾರೆ. ಫೋಟೊ ಯಾರು ನೋಡುತ್ತಾರೆಂದು ಮೊದಲೇ ಕೇಳಿಕೊಂಡಿದ್ದೇನೆ, ಎಲ್ಲರೂ ಕೇಳಿಕೊಳ್ಳಬೇಕು. ತೋಳು ಕೆಂಪಾಗಿ ಕಾದು ಜ್ವರ ಬಂದರೆ ಮಾತ್ರ ಫೋನು ಸಾಲದು, ಅದೇ ದಿನ ಡಾಕ್ಟರ ಬಳಿ ಹೋಗಬೇಕು.

ಅದೇ ಫೋನಿಗೆ ‘ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುತ್ತದೆ’ ಎಂಬಂಥ ವಾಟ್ಸಾಪ್ ಸುದ್ದಿಯೂ ಬರುತ್ತದೆ. ಅಂಥದನ್ನು ನಂಬಿ ಮಾತ್ರೆ ನಿಲ್ಲಿಸುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ನಂಬಬಹುದಾದ ದಾರಿಗಳೂ ಫೋನಿನಲ್ಲೇ ಇವೆ. ಸರ್ಕಾರದ ಇ-ಸಂಜೀವಿನಿಯಲ್ಲಿ ವಿಡಿಯೊ ಮೂಲಕ ಡಾಕ್ಟರ ಸಲಹೆ ಉಚಿತವಾಗಿ ಸಿಗುತ್ತದೆ. ಮನಸ್ಸು ಕುಸಿದಾಗ 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ ಅದು, ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ. ಕ್ಯಾನ್ಸರ್ ಆಸ್ಪತ್ರೆಯವರಲ್ಲಿ ನನ್ನದೊಂದು ವಿನಂತಿ: ಡಿಸ್ಚಾರ್ಜ್ ಚೀಟಿಯ ಜೊತೆ, ಕನ್ನಡ ಮತ್ತು ಉರ್ದು ಎರಡರಲ್ಲೂ ಉತ್ತರಿಸುವ ಒಬ್ಬ ನರ್ಸಮ್ಮನ ನಂಬರನ್ನೂ ಬರೆದುಕೊಡಿ.